ಬಂಕರಿನಿಂದ ಆಚೆ

ನಾನು ಒಂದು ಹೆಲಿಕಾಪ್ಟರ್. ವಿಮಾನವಲ್ಲ. ವಿಮಾನಕ್ಕೆ ಇಳಿಯಲು ಮೈಲುದ್ದದ ಹಾದಿ ಬೇಕು, ನನಗೆ ಒಕ್ಕಣೆ ಮಾಡುವಷ್ಟು ಜಾಗ ಇದ್ದರೆ ಧಾರಾಳವಾಯಿತು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ನನ್ನನ್ನು ಜೋಡಿಸಿದರು. ಕೊನೆಯ ಬೋಲ್ಟ್ ಬಿಗಿದ ಮೇಸ್ತ್ರಿ ನನ್ನ ಮೂತಿ ಒರೆಸಿ, "ಹೋಗ್ಬಾ ಕಣಮ್ಮ, ಹುಷಾರು" ಎಂದ. ತವರಿನವರು ಆಡಿದ ಮಾತು ಅಷ್ಟೇ. ಆಮೇಲೆ ನನ್ನನ್ನು ಹಿಮದ ಬೆಟ್ಟಗಳ ಸೀಮೆಗೆ ಕಳಿಸಿದರು. ಅಲ್ಲಿ ಹಿಂದಿ, ಪಂಜಾಬಿ, ಗಢವಾಲಿ ಎಲ್ಲವೂ ಕಿವಿಗೆ ಬೀಳುತ್ತಿತ್ತು, ಮನಸ್ಸಿಗೆ ಮಾತ್ರ ಇಳಿಯುತ್ತಿರಲಿಲ್ಲ. ಕನ್ನಡದ ಒಂದೇ ಒಂದು ಮಾತು ಕೇಳದೆ ನಾಲ್ಕು ವರ್ಷ ಹಾರಿದೆ.

ಐದನೆಯ ವರ್ಷ ಜಮಖಂಡಿಯ ಈರಣ್ಣ ಕಡಪಟ್ಟಿ ಪೈಲಟ್ ಆಗಿ ಬಂದ. ಕಡ್ಡಿಯಂಥ ಆಳು, ಗಂಟಲು ಮಾತ್ರ ಸಂತೆಯಲ್ಲಿ ಕೂಗುವವನದು. ನನ್ನ ಪಕ್ಕೆ ತಟ್ಟಿ, "ಏನವ್ವಾ, ನೀನೂ ನಮ್ಮ ಕಡಿಯಾಕಿನ? ಈ ಥಂಡ್ಯಾಗ ಸಾಯಾಕ ಯಾರು ಕಳಿಸಿದ್ರ ನಿನ್ನ?" ಅಂದ. ಅಬ್ಬಾ, ನನ್ನ ಜೀವ ತಂಪಾಯಿತು! ಆ ದಿನದಿಂದ ಅವನು ಹೇಳಿದ ಕಡೆ ತಕರಾರಿಲ್ಲದೆ ಹೋದೆ.

ಮರುವರ್ಷ ಯುದ್ಧ ಬಂತು. ಹದಿನೇಳು ಸಾವಿರ ಅಡಿಯ ಒಂದು ಏಣಿನ ಮೇಲೆ, ಬೆಟ್ಟದ ಚೂಪು ನೆತ್ತಿಯಲ್ಲಿ, ನಮ್ಮವರ ಬಂಕರು. ಏಣಿನ ಈ ಮಗ್ಗುಲು ನಮ್ಮದು, ಇನ್ನೊಂದು ಮಗ್ಗುಲು ಶತ್ರುವಿನದು. ಬಂಕರಿನಲ್ಲಿ ಬದುಕಿ ಉಳಿದವರು ಇಬ್ಬರೇ. ಹೊಟ್ಟೆಗೆ ಗುಂಡು ಬಿದ್ದ ಗಢವಾಲಿ ಸುಬೇದಾರ್ ಒಬ್ಬ, ತೊಡೆಗೆ ಗುಂಡು ಬಿದ್ದ ರೇಡಿಯೋ ಸಿಪಾಯಿ ಪುಟ್ಟಮಾದು ಇನ್ನೊಬ್ಬ. ಕಾಲುದಾರಿ ಕಡಿದುಹೋಗಿತ್ತು, ಹೋಗುವುದಾದರೆ ನಾನೇ ಹೋಗಬೇಕು. ರೇಡಿಯೋದಲ್ಲಿ ಹಿಂದಿ ಮಾತಾಡಿದರೆ ಶತ್ರು ಕದ್ದು ಕೇಳುತ್ತಿದ್ದ. ಪುಟ್ಟಮಾದು ಮಳವಳ್ಳಿ ಕಡೆಯವನು ಎಂದು ಗೊತ್ತಾದದ್ದೇ ತಡ, ಈರಣ್ಣನಿಗೆ ಬುಲಾವ್ ಬಂತು. ಕನ್ನಡದಲ್ಲೇ ಮಾತಾಡಿಕೊಳ್ಳಿ ಎಂದರು.

ಆ ಎತ್ತರದಲ್ಲಿ ಗಾಳಿ ತೆಳು. ಒಬ್ಬ ಗಾಯಾಳುವನ್ನು ಹೊರುವುದೇ ನನಗೆ ಹೆಚ್ಚು. ಈರಣ್ಣ ಜೊತೆಯ ಪೈಲಟ್‌ನನ್ನು ಕೆಳಗೇ ಬಿಟ್ಟ, ಬಾಗಿಲು ಸೀಟು ಎಲ್ಲ ಕಳಚಿಸಿದ. ಎರಡು ಸರ್ತಿ ಹೋಗಿ ಇಬ್ಬರನ್ನೂ ತರುತ್ತೇನೆ ಎಂದು ಹೊರಟ.

ಏಣು ಹತ್ತಿರವಾದಾಗ ಪುಟ್ಟಮಾದುವಿನ ದನಿ ಬಂತು. "ಸಾರ್, ಸುಬೇದಾರ್ ಸಾಹೇಬ್ರುನ್ನ ಎಳ್ಕಬಂದು ಬಂಕರಿಂದ ಆಚೆ ಮಲಗ್ಸಿವ್ನಿ. ಆಚೆಗೆ ಬನ್ನಿ ಸಾರ್, ಆಚೆಗೆ!"

ಇಲ್ಲೇ ನೋಡಿ ಎಡವಟ್ಟಾದದ್ದು. ಮಳವಳ್ಳಿಯಲ್ಲಿ ಆಚೆ ಎಂದರೆ ಹೊರಗೆ. ಜಮಖಂಡಿಯಲ್ಲಿ ಆಚೆ ಎಂದರೆ ಆ ಬದಿ. ಈರಣ್ಣ ಒಂದು ಕ್ಷಣ ತಡೆದು, "ಆಚೀಗಾ? ಆತು, ಬಂದೆ" ಎಂದವನೇ ನನ್ನನ್ನು ಎತ್ತಿ ಏಣು ದಾಟಿಸಿದ. ಬೆಂಗಳೂರಲ್ಲಿ ಹುಟ್ಟಿದ ನನಗೆ ಅರ್ಥವಾಗಿತ್ತು. ಆದರೆ ನನಗೆ ಬಾಯಿ ಎಲ್ಲಿದೆ!

ಆ ಮಗ್ಗುಲಿನಲ್ಲಿ ಗುಂಡಿನ ಸುರಿಮಳೆ. ನನ್ನ ಹೊಟ್ಟೆಯಲ್ಲಿ ಮೂರು ತೂತು, ಬಾಲದಲ್ಲಿ ಎರಡು. ಈರಣ್ಣ ಕಣಿವೆಗೆ ಧುಮುಕಿ, ಬಂಡೆಗಳ ಮರೆ ಹಿಡಿದು, ಸುತ್ತಿ ಬಳಸಿ ಹೊರಗೆ ಬರುವಷ್ಟರಲ್ಲಿ ಏಳು ನಿಮಿಷ ಹೋಯಿತು.

"ಅಯ್ಯೋ, ಅಲ್ಲಿಗ್ಯಾಕೋದ್ರಿ ಸಾರ್! ಒಳಗಲ್ಲ ಅಂದೆ, ಆಚೆ!"

"ಹೊರಗ ಅಂತ ಹೇಳಬಾರದೇನೋ ಮಾರಾಯಾ!"

ಆ ಸಾವಿನ ಬಾಯಲ್ಲೂ ಇಬ್ಬರೂ ನಕ್ಕರು. ಬಂಕರಿನ ಮುಂದೆ ನನ್ನ ಒಂದು ಕಾಲಷ್ಟೇ ಬಂಡೆಗೆ ಊರಿತು, ಇನ್ನೊಂದು ಗಾಳಿಯಲ್ಲಿ. ಪುಟ್ಟಮಾದು ತೆವಳಿಕೊಂಡೇ ಸುಬೇದಾರನನ್ನು ಒಳಗೆ ನೂಕಿದ. ಪುಟ್ಟಮಾದುವಿನದು ಮೀಸೆ ಸರಿಯಾಗಿ ಚಿಗುರದ ಮುಖ, ತುಟಿ ನೀಲಿ.

"ಹೊಳ್ಳಿ ಬರ್ತೀನಿ!" ಈರಣ್ಣ ಕೂಗಿದ.

"ಏನಂದ್ರಿ ಸಾರ್?"

"ವಾಪಸ್ ಬರ್ತೀನಿ ಅಂದೆ!"

ಸುಬೇದಾರನನ್ನು ಇಳಿಸಿ, ನಾವು ತಿರುಗಿ ಮೇಲೆ ಬಂದಾಗ ಏಣೇ ಕಾಣಲಿಲ್ಲ. ಮೋಡ ಬಂದು ಕೂತಿತ್ತು. "ಈಗ ಐದು ನಿಮಿಷದ ಹಿಂದೆ ಮುಚ್ಕತು ಸಾರ್" ಎಂದ ಪುಟ್ಟಮಾದು. ಆ ಮಗ್ಗುಲಿನಲ್ಲಿ ಹಾಳಾದ ಏಳು ನಿಮಿಷ ಉಳಿದಿದ್ದರೆ! ಏಳರಲ್ಲಿ ಐದು ಕಳೆದರೆ ಎಷ್ಟೆಂದು ಈರಣ್ಣನಿಗೂ ಗೊತ್ತು, ನನಗೂ ಗೊತ್ತು.

ಮೂರು ಸಲ ಮೋಡದೊಳಕ್ಕೆ ಹೊಕ್ಕೆವು. ಮೂರನೆಯ ಸಲ ಬಂಡೆಯೊಂದು ನನ್ನ ರೆಕ್ಕೆಗೆ ಮೊಳದಷ್ಟು ದೂರದಲ್ಲಿ ಎದ್ದು ನಿಂತಿತು. "ನಿಮ್ ಸದ್ದು ಕೇಳ್ತಾದೆ ಸಾರ್" ಎನ್ನುತ್ತಿದ್ದ ಪುಟ್ಟಮಾದು, "ತಲೆ ಮೇಲೇ ಇದ್ದೀರಿ. ಕೇಳ್ತಾನೇ ಅದೆ." ಎಣ್ಣೆ ಮುಗಿಯುವ ಕೆಂಪು ದೀಪ ಹತ್ತಿತು. ಆಮೇಲೂ ಈರಣ್ಣ ಒಂದು ಸುತ್ತು ಹಾಕಿದ. ಕೊನೆಗೆ ಕೆಳಕ್ಕೆ ತಿರುಗಿದ.

ಬೆಳಗ್ಗೆ ಮೋಡ ಸರಿದ ಕೂಡಲೇ ಹೋದೆವು. ಪುಟ್ಟಮಾದು ಬಂಕರಿನ ಒಳಗಿರಲಿಲ್ಲ. ತೆವಳಿಕೊಂಡು ಆಚೆ ಬಂದು, ನಾವು ಇಳಿದಿದ್ದ ಜಾಗದಲ್ಲೇ ಮಲಗಿದ್ದ. ಮೈ ಕಲ್ಲಾಗಿತ್ತು. ಅವನನ್ನು ಹೊತ್ತು ಇಳಿಯುವಾಗ ನನಗೆ ಭಾರವೇ ಅನ್ನಿಸಲಿಲ್ಲ.

ಈರಣ್ಣನಿಗೆ ಪದಕ ಬಂತು. "ಶತ್ರುವಿನ ಗುಂಡುಗಳನ್ನು ತನ್ನತ್ತ ಸೆಳೆಯಲೆಂದೇ ಏಣು ದಾಟಿದ ವೀರ" ಎಂದು ಬರೆದರು. ಬದುಕಿಕೊಂಡ ಸುಬೇದಾರ್ ತಾನು ತಿಳಿದಂತೆ ಹೇಳಿದ್ದ, ಪಾಪ, ಅವನ ತಪ್ಪೇನು? ಈರಣ್ಣ ನಿಜ ಹೇಳಲು ಹೋದರೆ ಮೇಲಿನ ಸಾಹೇಬರು ಬೆನ್ನು ತಟ್ಟಿ, ಇಷ್ಟು ವಿನಯ ಒಳ್ಳೆಯದಲ್ಲ ಎಂದರು. ಅವನು ಬಾಯಿ ಮುಚ್ಚಿಕೊಂಡ. ಆಮೇಲೆ ಸ್ಕ್ವಾಡ್ರನ್ ಲೀಡರ್ ಆದ, ವಿಂಗ್ ಕಮಾಂಡರ್ ಆದ, ಹುಡುಗರಿಗೆ ಹಾರಾಟ ಕಲಿಸಿದ. ಬೇರೆ ಊರಿಗೆ ವರ್ಗವಾದ ದಿನ ನನ್ನ ಪಕ್ಕೆ ತಟ್ಟಲು ಬಂದವನು, ತಟ್ಟದೆ ಹೋದ. ನಿಜ ಬಲ್ಲ ನನ್ನನ್ನು ಕಂಡರೆ ಅವನಿಗೆ ಭಯ. ನನಗೆ ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ.

ಅವನ ನಂತರ ಎಷ್ಟೋ ಕೈ ಬದಲಾಯಿತು. ಪ್ರವಾಹದಲ್ಲಿ ಮಾಳಿಗೆ ಮೇಲಿನವರಿಗೆ ರೊಟ್ಟಿ ಹಾಕಿದೆ, ದೊಡ್ಡ ಮನುಷ್ಯರನ್ನು ಸಭೆಗಳಿಗೆ ಹೊತ್ತೆ. ಯಾರೂ ನನ್ನನ್ನು ಅವ್ವಾ ಎನ್ನಲಿಲ್ಲ. ವಯಸ್ಸಾದ ಮೇಲೆ ಇಂಜಿನ್ ಬಿಚ್ಚಿಕೊಂಡು, ಬಣ್ಣ ಬಳಿದು, ಜಮಖಂಡಿಯ ಕಾಲೇಜೊಂದರ ಮುಂದೆ ಸಿಮೆಂಟು ಕಟ್ಟೆಯ ಮೇಲೆ ಕೂರಿಸಿದರು. ಪಕ್ಕದಲ್ಲಿ ಬೋರ್ಡು, ಅದರಲ್ಲಿ ಅದೇ ವೀರನ ಕಥೆ. ಸಂಜೆ ಹುಡುಗರು ಫೋಟೋ ತೆಗೆಸಿಕೊಂಡು ಹೋದರೆ ಆಮೇಲೆ ನಾನು, ನಾಲ್ಕು ಪಾರಿವಾಳ, ಅಷ್ಟೇ.

ಕಳೆದ ಶ್ರಾವಣದ ಒಂದು ಮಧ್ಯಾಹ್ನ ಈರಣ್ಣ ಬಂದ. ತಲೆ ಬೋಳು, ನಡೆ ನಿಧಾನ. ಜೊತೆಗೆ ನಡುವಯಸ್ಸಿನ ಹೆಂಗಸೊಬ್ಬರು, ಪುಟ್ಟಮಾದುವಿನ ಹೆಂಡತಿ ಸಾಕಮ್ಮ. ನಿವೃತ್ತಿಯಾದ ಮೇಲೆ ಮಳವಳ್ಳಿಗೆ ಹೋಗಿ ತಾನೇ ಕರೆದು ತಂದಿದ್ದ. ಗುಂಡಿಗೆ ಎದೆಯೊಡ್ಡಿದವನಿಗೆ ಈ ಒಂದು ಮಾತಿಗೆ ಧೈರ್ಯ ಬರಲು ಇಪ್ಪತ್ತೆರಡು ವರ್ಷ ಬೇಕಾಯಿತು.

"ಈ ಬೋರ್ಡು ಸುಳ್ಳ ಐತಿ ತಂಗೀ" ಎಂದ. ಆಚೆ ಎಂಬ ಮಾತು, ಏಳು ನಿಮಿಷ, ಮೋಡ, ಒಂದನ್ನೂ ಬಿಡದೆ ಹೇಳಿದ. "ನನ್ನ ಕಿವಿ ಕೆಟ್ಟದ್ದಕ್ಕ ನಿನ್ನ ಗಂಡ ಹ್ವಾದ. ಬಯ್ಯಿ. ಏನಾರ ಅನ್ನು."

ಸಾಕಮ್ಮ ಕೇಳಿದ್ದು ಒಂದೇ ಮಾತು. "ಕೊನೇಲಿ ಏನಂದ್ರು ಅಣ್ಣ?"

"ನಿಮ್ ಸದ್ದು ಕೇಳ್ತಾದೆ ಅಂದ. ಅದನ್ನ ಮತ್ತ ಮತ್ತ ಅಂತಿದ್ದ."

ಅವರು ಕಟ್ಟೆ ಹತ್ತಿ ನನ್ನ ತಣ್ಣನೆಯ ಪಕ್ಕೆಗೆ ಅಂಗೈ ಒತ್ತಿದರು. "ಇಷ್ಟು ವರ್ಸ ಒಬ್ರೇ ಸತ್ರು, ಒಬ್ರೇ ಸತ್ರು ಅಂತ ಎದೆ ಬಡ್ಕಂಡೆ. ಒಬ್ರೇ ಇರ್ನಿಲ್ವಲ್ಲಣ್ಣ."

ಈರಣ್ಣ ಮಗುವಿನ ಹಾಗೆ ಅತ್ತ. ಸಾಕಮ್ಮ ಕೈ ತೆಗೆಯಲಿಲ್ಲ. ಆ ಸದ್ದು ನನ್ನದೇ, ತಾಯಿ, ಎನ್ನಬೇಕೆನಿಸಿತು ನನಗೆ.