ಅಮ್ಮನ ದಾರಿಯ ಗೇಟು

ಕಿರಂಗೂರು ದಾಟಿದ ಮೇಲೆ ಸಿಗುವ ಆ ಸಣ್ಣ ಊರಿನ ಅಂಗನವಾಡಿಗೆ ಕಾಂಪೌಂಡು ಇತ್ತು, ಆದರೆ ಪೂರ್ತಿ ಇರಲಿಲ್ಲ. ಹಬ್ಬದಲ್ಲಿ ಮಾರಮ್ಮನನ್ನು ಹೊತ್ತವರು ಮಕ್ಕಳ ಆಟದ ಬಯಲನ್ನು ಹಾದೇ ರಸ್ತೆಗೆ ಇಳಿಯಬೇಕು. ದೇವರ ದಾರಿಗೆ ಅಡ್ಡಗೋಡೆ ಕಟ್ಟುವ ಎದೆ ಯಾರಿಗಿದೆ? ಒಂದು ಗಾಡಿ ಹಿಡಿಸುವಷ್ಟು ಜಾಗ ಬಿಟ್ಟರು. ವರ್ಷಕ್ಕೊಮ್ಮೆ ಅಲ್ಲಿ ಅಮ್ಮ ಹೋಗುತ್ತಿದ್ದಳು, ಉಳಿದ ದಿನವೆಲ್ಲ ಮಕ್ಕಳು ಹೋಗುತ್ತಿದ್ದವು.

ಅಂಗನವಾಡಿಯ ಆಯಮ್ಮ ಬೀರಮ್ಮನ ಮಗ ಕಿಟ್ಟಿಯೂ ಹಾಗೇ ಹೋದವನು. ಕಬ್ಬಿನ ಟ್ರಾಕ್ಟರು ಕಂಡರೆ ಈ ಸೀಮೆಯ ಮಕ್ಕಳ ಕಾಲು ನಿಲ್ಲುವುದಿಲ್ಲ, ಹಿಂದೆ ಓಡಿ ಒಂದು ಜಲ್ಲೆ ಎಳೆದರೇ ಸಮಾಧಾನ. ದೊಡ್ಡವರು ನೋಡಿ ನಗುತ್ತಾರೆ, ತಾವೂ ಎಳೆದವರೇ ತಾನೆ. ಕಿಟ್ಟಿ ಎಳೆದದ್ದು ಮುಂದಿನ ಟ್ರೇಲರಿನಿಂದ. ಅದರ ಹಿಂದೆ ಇನ್ನೊಂದಿದೆಯೆಂದು ನಾಲ್ಕು ವರ್ಷದ ಕೂಸಿಗೆ ಹೇಗೆ ಗೊತ್ತಾಗಬೇಕು.

ಅಂದಿನಿಂದ ಬೀರಮ್ಮ ಗೇಟು ಗೇಟು ಎಂದು ಊರವರ ತಲೆ ತಿಂದಳು. ಪೂಜಾರಿ ಅಂದಾನಯ್ಯ ಮಾತ್ರ ಜಗ್ಗಲಿಲ್ಲ.

"ಅಮ್ಮನ ದಾರಿ ಕಣವ್ವ. ಮುಚ್ಬಾರ್ದು."

"ಅಬ್ಬದ ದಿನ ನಾನೇ ತೆಗೀತೀನಿ ಅಣ್ಣ. ಮಿಕ್ಕಿದ್ ದಿನ ಮುಚ್ಚಿರ್ಲಿ."

ಈ ವರ್ಷ ಅವನ ಮೊಮ್ಮಗಳು ಅಂಜು ಅಂಗನವಾಡಿಗೆ ಸೇರಿದಳು. ಆಮೇಲೆ ಮುದುಕನ ದನಿ ಮೆತ್ತಗಾಯಿತು, ಗೇಟಿಗೆ ಒಪ್ಪಿಗೆ ಸಿಕ್ಕಿತು.

ಆ ದಿನಗಳಲ್ಲೇ ಬೀರಮ್ಮನಿಗೆ ಸಿಪ್ಪೆ ಕಂಡದ್ದು. ಹಂಗಾಮು ಮುಗಿದು ಸಕ್ಕರೆ ಕಾರ್ಖಾನೆ ನಿಂತು ತಿಂಗಳುಗಳಾಗಿದ್ದವು, ರಸ್ತೆಯಲ್ಲಿ ಕಬ್ಬಿನ ಒಂದು ಗರಿಯೂ ಇರಲಿಲ್ಲ. ಆದರೂ ಬೆಳಿಗ್ಗೆ ಕಸ ಗುಡಿಸುವಾಗ ಆ ಜಾಗದ ಆಚೆಬದಿಯಲ್ಲಿ ಜಗಿದು ಉಗಿದ ಕಬ್ಬಿನ ಸಿಪ್ಪೆ ಬಿದ್ದಿರುತ್ತಿತ್ತು. ಮುಟ್ಟಿದರೆ ಒದ್ದೆ.

"ಯಾರವ್ವ ಇದ್ನ ಉಗ್ದದ್ದು?" ಎಂದು ಅಂಜುವನ್ನು ಕೇಳಿದಳು.

"ಕಿಟ್ಟಿ. ದಿನಾ ಆಚೆ ನಿಂತ್ಕೊಂಡಿರ್ತಾನೆ."

ಕಿಟ್ಟಿ ಹೋದಾಗ ಅಂಜು ಹುಟ್ಟೇ ಇರಲಿಲ್ಲ. ಈ ಮಕ್ಕಳನ್ನೂ ರಸ್ತೆಗೆ ಕರೆದುಬಿಟ್ಟರೆ? ಹೆತ್ತ ಮಗನ ಮೇಲೇ ಬೀರಮ್ಮನಿಗೆ ಭಯ ಹುಟ್ಟಿತು, ಹುಟ್ಟಿದ್ದಕ್ಕೆ ನಾಚಿಕೆಯೂ ಆಯಿತು. ವೆಲ್ಡಿಂಗ್ ಅಂಗಡಿಯ ಸಿದ್ದರಾಮುವಿನ ಬೆನ್ನು ಬಿದ್ದು, ಆ ವಾರವೇ ದಪ್ಪ ತಗಡಿನ ಗೇಟು ಹಾಕಿಸಿದಳು.

ಕಾರ್ಖಾನೆ ಮತ್ತೆ ಶುರುವಾದ ದಿನ ಮಕ್ಕಳು ಆಡುತ್ತಿದ್ದಾಗ ಮೊದಲ ಟ್ರಾಕ್ಟರು ಬಂತು. ಸದ್ದು ಕೇಳಿದ್ದೇ ತಡ, ಅಷ್ಟೂ ಮಕ್ಕಳು ಗೇಟಿಗೆ ನುಗ್ಗಿದವು. ಬೀರಮ್ಮ ಚಿಲಕ ಹಿಡಿದು ಅಡ್ಡ ನಿಂತಳು. ಒಂದೊಂದೇ ಮುಖ ನೋಡಿದಳು, ಎಲ್ಲ ಮಕ್ಕಳೂ ಒಳಗೇ ಇದ್ದವು.

ಆಗ ಹೊರಗಿನಿಂದ ಯಾರೋ ತಗಡು ಬಡಿದರು. ಸೊಂಟದೆತ್ತರದಲ್ಲಿ, ಪುಟ್ಟ ಅಂಗೈಯಿಂದ.

"ಅವ್ವಾ, ತೆಗಿ."

ಬೀರಮ್ಮನ ಬೆರಳು ಚಿಲಕವನ್ನು ಅರ್ಧ ಸರಿಸಿತು. ತೆಗೆದರೆ ಈ ಮಕ್ಕಳೆಲ್ಲ ಚಕ್ರದ ಬಾಯಿಗೆ. ಅವಳು ಸೆರಗು ಕಚ್ಚಿಕೊಂಡು ಚಿಲಕವನ್ನು ವಾಪಸು ತಳ್ಳಿದಳು. ಮೊದಲನೆಯ ಟ್ರೇಲರು ಹೋಯಿತು. ಎರಡನೆಯದು ಹೋಯಿತು. ಬಡಿತ ನಿಂತಿತು.

ಅದೇ ಚಕ್ರಕ್ಕೆ ಮಗನನ್ನು ಇನ್ನೊಂದು ಸಲ ಕೊಟ್ಟೆನಲ್ಲ ಎಂದು ಬೀರಮ್ಮ ಕುಸಿದು ಕೂತು ಅತ್ತಳು. ಅಂಜು ಬಂದು ಪಕ್ಕದಲ್ಲಿ ಕೂತಳು.

"ಅವ್ನಿಗೆ ಟ್ರಾಕ್ಟ್ರು ಅಂದ್ರೆ ಭಯವಂತೆ ಆಯಮ್ಮ. ಒಳೀಕೆ ಬರ್ಬೇಕಂತೆ. ನೀನ್ ಕರುದ್ರೆ ಬತ್ತಾನಂತೆ."

ಇಷ್ಟು ವರ್ಷ ಅವಳು ಆ ಜಾಗವನ್ನು ಮುಚ್ಚಿ ಎಂದಿದ್ದಳೇ ಹೊರತು, ಅಲ್ಲಿ ನಿಂತು ಮಗನನ್ನು ಒಂದು ಸಲವೂ ಕೂಗಿರಲಿಲ್ಲ.

ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ ಬೀರಮ್ಮ ಗೇಟು ತೆಗೆದಳು. ಬಿಸಿಲು ಬಿಟ್ಟರೆ ರಸ್ತೆಯಲ್ಲಿ ಏನೂ ಇರಲಿಲ್ಲ.

"ಬಾರ್ಲಾ ಮಗ," ಎಂದಳು. "ಸಾಕು ಆಡಿದ್ದು."

ಸ್ವಲ್ಪ ಹೊತ್ತು ಕಾದು, ಒಳಗಿನಿಂದ ಚಿಲಕ ಹಾಕಿದಳು.

ಮಾರನೆಯ ಬೆಳಿಗ್ಗೆ ಸಿಪ್ಪೆ ಗೇಟಿನ ಒಳಗೆ, ಜೋಕಾಲಿಯ ಕೆಳಗೆ ಬಿದ್ದಿತ್ತು. ಬೀರಮ್ಮ ಬಯಲನ್ನೆಲ್ಲ ಗುಡಿಸಿದಳು, ಅದೊಂದನ್ನು ಬಿಟ್ಟು.