ಆಗಲ್ಲ ಅನ್ನುವ ಆಟ

ಟೈಲರ್ ಅಂಗಡಿಯ ಮೇಲಿನ ಕೋಣೆಗೆ ಹತ್ತುವ ಮೆಟ್ಟಿಲು ಕಡಿದಾಗಿತ್ತು. ಬೆಳಿಗ್ಗೆಯಿಂದ ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಕಾರಿಡಾರ್ ಒರೆಸಿ ಬಂದಿದ್ದ ಲತಾಮಣಿ ಗೋಡೆ ಹಿಡಿದುಕೊಂಡೇ ಹತ್ತಿದಳು. ಅರೆಕೆರೆಯ ಈ ಇಂಗ್ಲಿಷ್ ತರಗತಿಗೆ ಅವಳು ಸೇರಿದ್ದು ಒಂದು ಕುರ್ಚಿಗಾಗಿ. ಅದೇ ಅಪಾರ್ಟ್‌ಮೆಂಟಿನ ರಿಸೆಪ್ಷನ್ನಿನಲ್ಲಿ ಒಂದು ಜಾಗ ಖಾಲಿಯಿತ್ತು. ಕೂತು ಮಾಡುವ ಕೆಲಸ. ಮಂಡಿ ನೋವಿನವಳಿಗೆ ಅಷ್ಟೇ ಸಾಕಾಗಿತ್ತು. ಮಾರನೆಯ ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರ್ ಅವಳ ಇಂಗ್ಲಿಷ್ ಪರೀಕ್ಷೆ ಮಾಡುವವರಿದ್ದರು.

ಪಾಠ ಹೇಳುವ ಕಾತ್ಯಾಯಿನಿ ಮೇಡಂ ಜಯನಗರದ ನಿವೃತ್ತ ಹೈಸ್ಕೂಲ್ ಟೀಚರ್. ವ್ಯಾಕರಣ ಹೇಳಿದರೆ ದುಡಿದು ಬಂದವರು ತೂಕಡಿಸುತ್ತಾರೆಂದು ಮೊದಲ ವಾರವೇ ಅರ್ಥವಾಗಿ, ಆಮೇಲೆ ಬರೀ ಆಟ ಆಡಿಸುತ್ತಿದ್ದರು. ಅಂದಿನ ಆಟ ಹೀಗಿತ್ತು: ಒಬ್ಬರು ಡಬ್ಬಿಯಿಂದ ಚೀಟಿ ಎತ್ತಿ ಅದರಲ್ಲಿದ್ದುದನ್ನು ಫ್ಲಾಟ್ ಮಾಲೀಕರ ಗತ್ತಿನಲ್ಲಿ ಕೇಳಬೇಕು. ಎದುರಿಗಿರುವವರು ಮರ್ಯಾದೆಯಿಂದಲೇ ಆಗುವುದಿಲ್ಲ ಅನ್ನಬೇಕು. ಒಪ್ಪಿಕೊಂಡವರು ಔಟ್.

ಅಪಾರ್ಟ್‌ಮೆಂಟಿನ ಗೇಟ್ ಕಾಯುವ ಪ್ರಮೋದ್ ಚೀಟಿ ಎತ್ತಿದ. ಸೊಂಟದ ಮೇಲೆ ಕೈಯಿಟ್ಟು, ಹುಬ್ಬು ಗಂಟಿಕ್ಕಿ, "ಗಿವ್ ಮಿ ಮೈ ನೈಬರ್ಸ್ ಕೀ. ಕ್ವಿಕ್," ಅಂದ.

ಆಗುವುದಿಲ್ಲ ಎನ್ನಲು ಮೇಡಂ ಹಿಂದಿನ ತರಗತಿಯಲ್ಲೇ ಹೇಳಿಕೊಟ್ಟಿದ್ದ ವಾಕ್ಯವನ್ನು ಲತಾಮಣಿ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡೇ ಬಂದಿದ್ದಳು. ಆದರೂ ಆ ಗಂಟಿಕ್ಕಿದ ಹುಬ್ಬು ಕಂಡದ್ದೇ "ಎಸ್ ಸರ್" ಎಂದಳು.

"ಔಟ್," ಎಂದಳು ಗೋಡೆಗೆ ಒರಗಿ ಕಾಲು ಒತ್ತಿಕೊಳ್ಳುತ್ತಿದ್ದ ಕೆಂಪಕ್ಕ. ಅವಳೂ ಅಲ್ಲಿಯೇ ಹೌಸ್‌ಕೀಪಿಂಗ್. ಲತಾಮಣಿಗಿಂತ ದೊಡ್ಡವಳು, ಆಟದಲ್ಲಿ ಎಲ್ಲರಿಗಿಂತ ಮೊದಲು ಔಟಾದವಳು.

"ನಾನ್ ಬರೀ ಸೆಕ್ಯುರಿಟಿ ಅಕ್ಕ, ನಂಗೇ ಕೀ ಕೊಟ್ಬಿಟ್ರಲ್ಲ," ಎಂದ ಪ್ರಮೋದ್. "ಕಳ್ಳ ಬಂದ್ರೆ ಕಾಫೀನೂ ಕೊಟ್ಟು ಕಳಿಸ್ತೀರ."

ಇನ್ನೊಂದು ಸಲ ಆಡಿದರು. ಮತ್ತೆ ಎಸ್ ಸರ್. ಕಾತ್ಯಾಯಿನಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಇಂಗ್ಲಿಷ್ ಬಿಡಿ ಲತಾಮಣಿ. ಕನ್ನಡದಲ್ಲೇ ಹೇಳಿ ನೋಡೋಣ."

"ಕನ್ನಡದಲ್ಲೂ ಯಾವತ್ತೂ ಹೇಳಿಲ್ಲ ಮೇಡಂ," ಅಂದಳು ಲತಾಮಣಿ.

ತಾವು ಇಷ್ಟು ದಿನ ಕಲಿಸಿದ್ದು ಏನನ್ನು ಎಂಬಂತೆ ಮೇಡಂ ಡಬ್ಬಿಯನ್ನೇ ನೋಡುತ್ತ ಕೂತರು. ಅಷ್ಟರಲ್ಲಿ ಲತಾಮಣಿಯ ಫೋನ್ ಬಡಿದುಕೊಂಡಿತು. ಸೂಪರ್‌ವೈಸರ್ ರವಿಕುಮಾರ. ಅವನ ದನಿ ಕೋಣೆಗೆಲ್ಲ ಕೇಳುವಷ್ಟು ಜೋರು.

"ನಾಳೆ ಕ್ಲಬ್‌ಹೌಸಲ್ಲಿ ಬರ್ತ್‌ಡೇ ಪಾರ್ಟಿ ಐತಮ್ಮ. ಬೆಳಿಗ್ಗೆ ಐದಕ್ಕೇ ಬಂದ್ಬಿಡು."

"ನಾಳೆ ನಂಗೆ ಪರೀಕ್ಷೆ ಸಾರ್. ಹೇಳಿದ್ನಲ್ಲ."

"ಅದು ಹತ್ತಕ್ಕಲ್ವಾ? ಒರೆಸಿ ಹಂಗೇ ಹೋಗು."

ಒದ್ದೆ ಸೀರೆಯಂಚು, ಕೈಯಲ್ಲಿ ಫಿನಾಯಿಲ್ ವಾಸನೆ, ನಿಲ್ಲಲಾಗದ ಮಂಡಿ. ಹಾಗೆ ಹೋಗಿ ಮ್ಯಾನೇಜರ್ ಮುಂದೆ ನಿಂತರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

"ಆಗಲ್ಲ ಸಾರ್."

"ಏನಂದೆ?"

"ಐದಕ್ಕೆ ಆಗಲ್ಲ ಸಾರ್. ಪರೀಕ್ಷೆ ಹೊತ್ತಿಗೆ ಬರ್ತೀನಿ."

ಅವನು ಬೈಯುತ್ತಾನೆಂದು ಅವಳು ಕಾದಳು. "ಸರಿ ಬಿಡು," ಎಂದು ಫೋನ್ ಇಟ್ಟ. ಅಷ್ಟೇ.

"ಸಖತ್ ಅಕ್ಕ," ಎಂದ ಪ್ರಮೋದ್ ಮೆಲ್ಲಗೆ. ಮೇಡಂ ನಕ್ಕರು. ಲತಾಮಣಿಗೂ ನಗು ಬರುವುದರಲ್ಲಿತ್ತು. ಆಗ ಕೆಂಪಕ್ಕನ ಫೋನ್ ಹೊಡೆದುಕೊಂಡಿತು.

ಕೆಂಪಕ್ಕ ರವಿಕುಮಾರನ ಹೆಸರು ನೋಡಿದಳು. ಎತ್ತಬೇಡ ಅನ್ನಬೇಕೆಂದು ಲತಾಮಣಿ ಅಂದುಕೊಳ್ಳುವಷ್ಟರಲ್ಲಿ ಎತ್ತಿಯೂ ಆಗಿತ್ತು.

"ಹೂಂ ಸಾರ್. ಐದಕ್ಕಾ? ಬರ್ತೀನಿ ಸಾರ್."

ಫೋನನ್ನು ಚೀಲಕ್ಕೆ ಹಾಕಿಕೊಂಡು ಕೆಂಪಕ್ಕ ಗೋಡೆ ಹಿಡಿದು ಎದ್ದಳು. ಯಾರ ಮುಖವನ್ನೂ ನೋಡದೆ ಬಾಗಿಲ ಬಳಿ ಚಪ್ಪಲಿ ಹುಡುಕಿದಳು. ಮೇಡಂ ಚೀಟಿಗಳನ್ನು ಮಡಚುತ್ತಿದ್ದರು.

ಲತಾಮಣಿ ಕೆಂಪಕ್ಕನ ಹಿಂದೆಯೇ ಬಂದಳು. "ನಾಳೆ ಮಧ್ಯಾಹ್ನದ ಮೇಲೆ ನಿನ್ ಬ್ಲಾಕ್ ನಾನ್ ಒರೆಸ್ತೀನಿ, ಕೆಂಪಕ್ಕ."

"ಕುರ್ಚಿ ಸಿಕ್ಮೇಲೂನಾ?"

ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರುತ್ತ ಇಳಿಯತೊಡಗಿದ ಕೆಂಪಕ್ಕನ ಹಿಂದೆ ಲತಾಮಣಿಯೂ ಗೋಡೆ ಹಿಡಿದುಕೊಂಡು ಇಳಿದಳು.