ಓಂಕಾರಪ್ಪನವರ ಅನ್‌ಫಿಟ್ ಕಾರು

ರೈಲ್ವೆಯ ಎಂಜಿನ್ ಶೆಡ್ಡಿನಲ್ಲಿ ಆಯುಷ್ಯ ಸವೆಸಿ ನಿವೃತ್ತರಾಗಿದ್ದ ಓಂಕಾರಪ್ಪನವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಯುವ ಆಸೆಯೂ ಇರಲಿಲ್ಲ. ಹಳಿಯ ಮೇಲೆ ಹೋಗುವುದನ್ನು ನಂಬಬಹುದು, ಎತ್ತ ಬೇಕಾದರತ್ತ ತಿರುಗುವುದನ್ನು ನಂಬುವುದು ಹೇಗೆ ಎಂಬುದು ಅವರ ವಾದ. ಟ್ರಾಮು, ಮೆಟ್ರೋ, ಎರಡೂ ಸಿಗದ ಕಡೆ ಕಾಲು. ದಾವಣಗೆರೆಯಿಂದ ಕೋಲ್ಕತ್ತಕ್ಕೆ ಬಂದ ಸಂಸಾರ ಇಷ್ಟರಲ್ಲೇ ಸಾಗಿತ್ತು. ಇಂಥವರ ಹೊಟ್ಟೆಯಲ್ಲಿ ಪೂರ್ವಿ ಹುಟ್ಟಿದ್ದಳು.

ಪೂರ್ವಿ ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಆ ವರ್ಷಗಳಲ್ಲಿ ಅಲ್ಲಿ ಎತ್ತ ನೋಡಿದರೂ ಹೊಸ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅವಳ ಓರಗೆಯವರೆಲ್ಲ ಕಂತಿನ ಮೇಲೆ ಹೊಸ ಕಾರು ಕೊಳ್ಳುತ್ತಿದ್ದರು. ಇವಳ ಕಣ್ಣು ಬಿದ್ದದ್ದು ಮಾತ್ರ ಕಸ್ಬಾ ಬಡಾವಣೆಯ ಹಳೇ ಮನೆಯೊಂದರಲ್ಲಿ ನಿಂತಿದ್ದ ಕೆಂಪು ಸ್ಪೋರ್ಟ್ಸ್ ಕಾರಿನ ಮೇಲೆ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂಥ ಮೈ. ಕೆಳಗೆ ಎಣ್ಣೆ ಸೋರಿ ಕಪ್ಪು ಮಡುವಾಗಿತ್ತು. ಗೆಳೆಯರು ಬೇಡವೆಂದರು, ಮೆಕ್ಯಾನಿಕ್ಕುಗಳು ತಲೆಗೊಂದು ಮಾತು ಹೇಳಿದರು. ಕೊನೆಗೆ ಅವಳು ತಂದೆಯನ್ನೇ ಹಿಡಿದಳು.

“ಅಪ್ಪ, ನೀವು ಫಿಟ್ ಅಂದ್ರೆ ತಗೋತೀನಿ. ಅನ್‌ಫಿಟ್ ಅಂದ್ರೆ ಬಿಟ್‌ಬಿಡ್ತೀನಿ. ಬೇರೆ ಯಾರನ್ನೂ ಕೇಳಲ್ಲ, ಪ್ರಾಮಿಸ್.”

ಶೆಡ್ಡಿನಿಂದ ಎಂಜಿನ್ ಹೊರಬೀಳಬೇಕಾದರೆ ಓಂಕಾರಪ್ಪನವರು ಈ ಎರಡು ಮಾತುಗಳಲ್ಲಿ ಒಂದನ್ನು ಹೇಳಬೇಕಿತ್ತು. ಮೇಲಿನವರು ಎಷ್ಟೇ ಒತ್ತಡ ತಂದರೂ ಅವರು ಅನ್‌ಫಿಟ್ಟನ್ನು ಫಿಟ್ ಎಂದವರಲ್ಲ. ಮನೆಗೂ ಅದೇ ಭಾಷೆ ಬಂದಿತ್ತು. ಮಿಕ್ಸರು, ಸೀಲಿಂಗ್ ಫ್ಯಾನು, ಒಮ್ಮೆ ಪೂರ್ವಿಯನ್ನು ನೋಡಲು ಬಂದ ಗಂಡು, ಎಲ್ಲಕ್ಕೂ ಎರಡರಲ್ಲೊಂದು ತೀರ್ಪು. ಮಗಳಿಗೆ ಅದು ವೇದವಾಕ್ಯ.

ಭಾನುವಾರ ಬೆಳಿಗ್ಗೆ ಇಬ್ಬರೂ ಕಸ್ಬಾಕ್ಕೆ ಹೋದರು. ಕಾರಿನ ಒಡತಿ ಶೋಭಾ ಸೇನ್, ನಿವೃತ್ತ ಕಾಲೇಜು ಅಧ್ಯಾಪಕಿ. ಬಹುಕಾಲ ಅದರಲ್ಲೇ ಕಾಲೇಜಿಗೆ ಹೋಗಿಬಂದವರು. ಈಗ ಕ್ಲಚ್ ಒತ್ತಲು ಮಂಡಿ ಕೇಳುತ್ತಿಲ್ಲವೆಂದು ಮಾರಲು ಹೊರಟಿದ್ದರು. ಚಹಾ, ಸಂದೇಶ್ ಮಿಠಾಯಿ ತಂದಿಟ್ಟರು. ಬೇಕಿದ್ದರೆ ಒಂದು ಸುತ್ತು ಹೋಗಿಬನ್ನಿ ಎಂದು ಕೀಲಿಯನ್ನೂ ಕೊಟ್ಟರು.

ಓಂಕಾರಪ್ಪನವರು ಅಂಗಿಯ ತೋಳು ಮಡಚಿ ಬಾನೆಟ್ಟಿನೊಳಗೆ ತಲೆ ಹಾಕಿದರು. ಎಣ್ಣೆ ಒರೆಸಿದರು, ಎಂಜಿನ್ ಚಾಲೂ ಮಾಡಿಸಿ ಕಿವಿಗೊಟ್ಟು ಕೇಳಿದರು. ಎಂಜಿನ್ನಿನ ಮುಚ್ಚಳದಡಿಯ ಕಾರ್ಕಿನ ಪಟ್ಟಿ ಒಣಗಿ ಬಿರಿದು ಎಣ್ಣೆ ಸೋರುತ್ತಿತ್ತು. ಅರ್ಧ ದಿನದ ಕೆಲಸ. ಅದೊಂದು ಬಿಟ್ಟರೆ ಎಂಜಿನ್ ಗುಂಡುಕಲ್ಲಿನಂತಿತ್ತು. ಬಹಳ ದಿನಗಳ ಮೇಲೆ ಒಳ್ಳೆಯ ಎಂಜಿನ್ನಿನ ಸದ್ದು ಕೇಳಿ ಅವರಿಗೆ ಖುಷಿಯಾಯಿತು.

ಖುಷಿಯಲ್ಲೇ ತಲೆಯೆತ್ತಿದರು. ಪೂರ್ವಿ ಸ್ಟೇರಿಂಗ್ ಹಿಡಿದು, ಗೇಟಿನಾಚೆಯ ರಸ್ತೆಯನ್ನೇ ನೋಡುತ್ತ ಕುಳಿತಿದ್ದಳು. ಅವರಿಗೆ ಬೈಪಾಸ್ ರಸ್ತೆ ನೆನಪಾಯಿತು. ಒಂದನ್ನೊಂದು ಹಿಂದೆ ಹಾಕಲು ನುಗ್ಗುವ ಬಸ್ಸುಗಳು, ಮರಳಿನ ಲಾರಿಗಳು, ಅವುಗಳ ಚಕ್ರದ ಎತ್ತರಕ್ಕೂ ಬಾರದ ಈ ಕಾರು, ಅದರೊಳಗೆ ಇರುವ ಒಬ್ಬಳೇ ಮಗಳು.

“ಅನ್‌ಫಿಟ್,” ಎಂದರು. “ಎಂಜಿನ್ ಬ್ಲಾಕೇ ಒಡದೈತೆ, ರಿಪೇರಿ ಆಗಲ್ಲ.”

ಪೂರ್ವಿ ಎಂಜಿನ್ ಆರಿಸಿ, ಇಳಿದು, ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಒಂದು ಪ್ರಶ್ನೆಯಾದರೂ ಕೇಳಿದ್ದರೆ ಚೆನ್ನಾಗಿತ್ತು ಎನಿಸಿತು ಓಂಕಾರಪ್ಪನವರಿಗೆ. ನಾಲ್ಕು ದಿನ ಬೇಸರಪಟ್ಟುಕೊಂಡಾಳು, ಆಮೇಲೆ ಸರಿಹೋದಾಳು, ಯಾರ ಗಂಟೂ ಹೋಗದ ಸುಳ್ಳು ಇದು ಎಂದು ಸಮಾಧಾನ ತಂದುಕೊಂಡು, ಜಗಲಿಯಲ್ಲಿ ಕುಳಿತು ಸಂದೇಶ್ ಕೈಗೆತ್ತಿಕೊಂಡರು.

ಆದರೆ ಮಗಳನ್ನು ಸುಳ್ಳು ಹೇಳದಂತೆ ಬೆಳೆಸಿದವರೂ ಅವರೇ ತಾನೆ? ಮುಂದೆ ಕೊಳ್ಳುವವರಾದರೂ ಮೋಸಹೋಗಬಾರದೆಂದು ಪೂರ್ವಿ ನೇರವಾಗಿ ಶೋಭಾ ಅವರಿಗೆ ಬಂಗಾಳಿಯಲ್ಲಿ ವಿಷಯ ತಿಳಿಸಿದಳು. ಅಪ್ಪ ರೈಲ್ವೆಯವರು, ಅವರ ಮಾತಿಗೆ ಅಪೀಲಿಲ್ಲ ಎಂದೂ ಸೇರಿಸಿದಳು. ಹಾಗಿದ್ದರೆ ಇದನ್ನು ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ, ಮಲ್ಲಿಕ್ ಬಜಾರಿನ ಗುಜರಿಯವರನ್ನು ಕರೆಸುತ್ತೇನೆ, ಕತ್ತರಿಸಿ ಒಯ್ಯಲಿ ಎಂದರು ಶೋಭಾ. ಎದ್ದುಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳಿದರು. ಓಂಕಾರಪ್ಪನವರಿಗೆ ಬಂಗಾಳಿ ಅರ್ಥವಾಗುತ್ತಿತ್ತು. ಆಕೆ ಕಾರಿನ ಹತ್ತಿರ ಕ್ಷಮೆ ಕೇಳುತ್ತಿದ್ದರು.

ಓಂಕಾರಪ್ಪನವರು ಸಂದೇಶನ್ನು ತಟ್ಟೆಯಲ್ಲಿಟ್ಟು ಎದ್ದು ನಿಂತರು.

“ಪೂರ್ವಿ, ಬ್ಲಾಕ್ ಒಡದಿಲ್ಲ ಕಣಮ್ಮ. ಒಂದು ಕಾರ್ಕ್ ಪಟ್ಟಿ ಹೋಗೈತೆ, ಅಷ್ಟೆ. ಆ ಬೈಪಾಸ್‌ನಾಗೆ ನೀನು ಇದನ್ನ ಓಡಿಸ್ತಿ ಅಂತ ಹೆದರಿಕೆ ಆತು. ಸುಳ್ಳು ಹೇಳಿದೆ.”

ಅದನ್ನೇ ಶೋಭಾ ಅವರಿಗೂ ಹಿಂದಿಯಲ್ಲಿ ಕೈಮುಗಿದು ಹೇಳಿದರು. ಆಕೆ ಅವರ ಮುಖವನ್ನೊಮ್ಮೆ, ಪೂರ್ವಿಯ ಮುಖವನ್ನೊಮ್ಮೆ ನೋಡಿ, ಚಹಾ ಆರಿದೆ, ಬಿಸಿ ಮಾಡಿ ತರುತ್ತೇನೆ ಎಂದು ಒಳಗೆ ಹೋದರು.

ಪೂರ್ವಿಯ ಕಣ್ಣು ತುಂಬಿತ್ತು. “ಭಯ ಆಗತ್ತೆ ಅಂದಿದ್ರೆ ನಾನು ಕೇಳ್ತಿದ್ದೆ ಅಪ್ಪ. ಮೇ ಬಿ ಕಾರೇ ಬೇಡ ಅಂತಿದ್ದೆ. ಈಗ ನೀವು ಫಿಟ್ ಅಂದ್ರೂ ಹೇಗೆ ನಂಬಲಿ?”

ಓಂಕಾರಪ್ಪನವರು ಜೀವಮಾನವೆಲ್ಲ ಕೂಡಿಟ್ಟದ್ದು ಒಂದು ಮಾತಿನಲ್ಲಿ ನೀರುಪಾಲಾಗಿತ್ತು. ಶೆಡ್ಡಿನಲ್ಲಿ ಫಿಟ್ ಎಂದವನೇ ಮೊದಲ ಓಟಕ್ಕೆ ಎಂಜಿನ್ ಏರಬೇಕಿತ್ತು. ಮಾತು ನಿಜವೋ ಸುಳ್ಳೋ ಅಲ್ಲೇ ಇತ್ಯರ್ಥವಾಗುತ್ತಿತ್ತು. ಅವರು ಎಣ್ಣೆಯ ಮಟ್ಟವನ್ನು ಇನ್ನೊಮ್ಮೆ ನೋಡಿ ಬಾನೆಟ್ ಮುಚ್ಚಿದರು. ಸುತ್ತಿ ಬಂದು ಎಡಬಾಗಿಲು ತೆರೆದರು. ಉದ್ದ ಕಾಲುಗಳನ್ನು ಹೇಗೋ ಮಡಚಿ, ಮಂಡಿ ಎದೆಗೆ ತಾಗುವಂತೆ ಆ ಸೀಟಿನಲ್ಲಿ ಕುಳಿತರು.

“ಫಿಟ್,” ಎಂದರು. “ಹೆದರಿಕೆ ಇನ್ನೂ ಐತೆ. ನಡಿ, ಬೈಪಾಸಿಗೇ ನಡಿ.”

ಪೂರ್ವಿ ಬಂದು ಕುಳಿತು ಕೀಲಿ ತಿರುಗಿಸಿದಳು. ಕಾರು ಗೇಟು ದಾಟುವಾಗ ಓಂಕಾರಪ್ಪನವರಿಗೆ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು. ಮುಚ್ಚಿದರೆ ಫಿಟ್ ಎಂದ ಮಾತೂ ಸುಳ್ಳಾದೀತೆಂದು ತೆರೆದೇ ಕುಳಿತರು.